ನಾಲ್ಕು ತಾಲೂಕು, ಒಂದು ಕಾಲುವೆ, ಒಂದು ಎಂ.ಎ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ, ಗೇಟು ನೀರಿನ ಜೊತೆಗೇ ಹೊರಟುಹೋಯಿತು. ಮರುದಿನ ಹಾಸ್ಟೆಲ್ ಮೆಸ್ಸಿನಲ್ಲಿ ಬೇರೆ ಮಾತೇ ಇಲ್ಲ. ಮೆಕ್ಯಾನಿಕಲ್‌ನವರು ಅಷ್ಟು ಹಳೇ ಚೈನಿನ ಕೊಂಡಿ ಇನ್ನೆಷ್ಟು ವರ್ಷ ತಡೆದೀತು ಅಂತ ವಾದಕ್ಕೆ ಕೂತರು. ಸಿವಿಲ್‌ನವರು 33 ಗೇಟಿನಲ್ಲಿ ಒಂದು ಹೋದರೆ ಉಳಿದವನ್ನೂ ಯಾಕೆ ಎತ್ತಬೇಕು ಅಂತ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಚಿತ್ರ ಬರೆದು ತೋರಿಸಿದರು. ಒಂದು ವಾರದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಆ ಜಾಗ ಮುಚ್ಚಿದ್ದನ್ನು ಟಿವಿಯಲ್ಲಿ ನೋಡಿದಾಗ, ಎಂಜಿನಿಯರಿಂಗ್ ಸೇರಿದ್ದಕ್ಕೆ ನಾವೆಲ್ಲ ಸ್ವಲ್ಪ ಎದೆ ಉಬ್ಬಿಸಿದ್ದು ಸುಳ್ಳಲ್ಲ.

ಆದರೆ ಅದೇ ವಾರ ನಾವು ನಾಲ್ವರು ಮನೆಗೆ ಫೋನ್ ಮಾಡಿದ್ದೆವು. ನಾಲ್ವರೂ ಕೊಪ್ಪಳ ಜಿಲ್ಲೆಯವರು, ಒಬ್ಬೊಬ್ಬರದು ಒಂದೊಂದು ತಾಲೂಕು. ಗಂಗಾವತಿ ಮನೆಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಎರಡನೇ ಬೆಳೆಗೆ ನೀರು ಸಿಗ್ತಾವೋ ಇಲ್ಲೋ? ಕೊಪ್ಪಳ ತಾಲೂಕಿನ ಹೊಳೆದಂಡೆಯ ಊರಿನವರಿಗೆ ಗದ್ದೆಗೆ ಹೊಳಿ ನುಗ್ಗೀತು ಅನ್ನೋ ಚಿಂತೆ. ಕುಷ್ಟಗಿಯ ಕಾಕಾ ಮಾತ್ರ ನಕ್ಕುಬಿಟ್ಟರು: "ನಮಗೇನು ಆ ನೀರು ಬಂದಿದ್ದವೇನ್ ತಮ್ಮಾ, ಹೋದವು ಅಂತ ಅಳಾಕ?" ಯಲಬುರ್ಗಾದವನ ಅಣ್ಣ ಆ ಸುದ್ದಿ ನೋಡಿದ್ದು ಗೋವಾದ ಒಂದು ಕಟ್ಟಡದ ಸೈಟಿನಲ್ಲಿ. ಗುಳೆ ಹೋಗಿ ಆಗಲೇ ಮೂರು ತಿಂಗಳಾಗಿತ್ತು.

ಅಣೆಕಟ್ಟು ಒಂದೇ, ಅದರ ಒಂದು ದಂಡೆ ಇರೋದೂ ನಮ್ಮ ಜಿಲ್ಲೆಯ ಮುನಿರಾಬಾದಿನಲ್ಲೇ. ಉತ್ತರ ಮಾತ್ರ ನಾಲ್ಕು. ನೀರನ್ನು ಹೇಗೆ ನಿಲ್ಲಿಸಬೇಕು ಅನ್ನೋದಕ್ಕೆ ನಮ್ಮ ಸಿಲಬಸ್ಸಿನಲ್ಲಿ ಉತ್ತರ ಇದೆ. ಆ ನೀರು ಯಾರದಾಗಿತ್ತು, ಯಾರಿಗೆ ಯಾವತ್ತೂ ಬರಲಿಲ್ಲ, ಯಾಕೆ ಬರಲಿಲ್ಲ ಅನ್ನೋದಕ್ಕೆ ಎಂಟು ಸೆಮಿಸ್ಟರಿನಲ್ಲಿ ಒಂದು ಪಾಠವೂ ಇಲ್ಲ. ಇಂಥ ಪ್ರಶ್ನೆಗಳನ್ನೇ ಹಿಡಿದು ಎರಡು ವರ್ಷ ಓದುವ ಸ್ನಾತಕೋತ್ತರ ಪದವಿಗಳಿವೆ. ಅವಕ್ಕೆ ಅಂತರಶಿಸ್ತೀಯ ಪ್ರದೇಶ ಅಧ್ಯಯನ ಅಂತ ಹೆಸರು. ಹೋದ ವರ್ಷದಿಂದ ನಾವು ಇದರ ಬೆನ್ನು ಹತ್ತಿದ್ದೇವೆ. ತಿಳಿದಷ್ಟು ಇಲ್ಲಿ ಹಂಚಿಕೊಳ್ತೇವೆ.

ಏನಿದು ಪ್ರದೇಶ ಅಧ್ಯಯನ?

ಸಾಮಾನ್ಯವಾಗಿ ಒಂದು ಎಂ.ಎ. ಅಂದರೆ ಒಂದು ಶಿಸ್ತು. ಅರ್ಥಶಾಸ್ತ್ರ ಕಲಿತವರು ಆ ಒಂದೇ ಸಲಕರಣೆ ಹಿಡಿದು ಯಾವ ದೇಶಕ್ಕಾದರೂ ಹೋಗಬಹುದು. ಪ್ರದೇಶ ಅಧ್ಯಯನ ಇದನ್ನು ತಿರುಗಾಮುರುಗಾ ಮಾಡುತ್ತದೆ. ಇಲ್ಲಿ ಮೊದಲು ಹಿಡಿಯೋದು ಜಾಗ. ಆ ಜಾಗವನ್ನು ಅರಿಯಲು ಚರಿತ್ರೆ ಬೇಕಾದರೆ ಚರಿತ್ರೆ, ಜಲವಿಜ್ಞಾನ ಬೇಕಾದರೆ ಜಲವಿಜ್ಞಾನ, ಸಮಾಜಶಾಸ್ತ್ರ, ಕಾನೂನು, ಭಾಷೆ, ಏನು ಬೇಕೋ ಅದನ್ನು ಕಲಿಯಬೇಕು. ಕೊನೆಗೆ ಒಂದು ಪ್ರಬಂಧ ಬರೆಯಬೇಕು. ಅದಕ್ಕಾಗಿ ಆ ಜಾಗದಲ್ಲಿ ಇದ್ದು, ಅಲ್ಲಿನ ಮಾತಿನಲ್ಲೇ ಮಾತಾಡಿಸಿ ಬರಬೇಕು.

ಇದರ ಹುಟ್ಟು ಅಷ್ಟೇನೂ ಮುಗ್ಧವಲ್ಲ. 1957ರಲ್ಲಿ ರಷ್ಯಾ ಸ್ಪುಟ್ನಿಕ್ ಹಾರಿಸಿತು. ಗಾಬರಿಬಿದ್ದ ಅಮೆರಿಕ 1958ರಲ್ಲಿ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆ ತಂದು, ವಿಜ್ಞಾನದ ಜೊತೆಗೆ ಪರದೇಶದ ಭಾಷೆ ಮತ್ತು ಪ್ರದೇಶಗಳ ಅಧ್ಯಯನಕ್ಕೂ ಹಣ ಸುರಿಯಿತು. ಕಾಯ್ದೆಯ ಹೆಸರಿನಲ್ಲೇ ರಕ್ಷಣೆ ಇದೆ ನೋಡ್ರಿ. ಮೈಸೂರಿನ ಎ.ಕೆ. ರಾಮಾನುಜನ್ ಶಿಕಾಗೋ ವಿಶ್ವವಿದ್ಯಾಲಯದಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ವಿಭಾಗದಲ್ಲಿ ಪಾಠ ಮಾಡಿದ್ದು ಇದೇ ಕಾಲದಲ್ಲಿ. ಜರ್ಮನಿಯ ಹೈಡೆಲ್‌ಬರ್ಗ್‌ನ ದಕ್ಷಿಣ ಏಷ್ಯಾ ಸಂಸ್ಥೆ ಶುರುವಾಗಿದ್ದು 1962ರಲ್ಲಿ. ಪರರ ನಾಡನ್ನು ಅರಿಯುವುದರ ಹಿಂದೆ ಆಳುವ ಆಸೆಯೂ ಇರುತ್ತದೆ ಅಂತ 1978ರಲ್ಲಿ ಎಡ್ವರ್ಡ್ ಸೈದ್ ತಮ್ಮ 'ಓರಿಯೆಂಟಲಿಸಂ' ಪುಸ್ತಕದಲ್ಲಿ ಜಗಳ ತೆಗೆದರು. ಆ ಜಗಳ ಇನ್ನೂ ಮುಗಿದಿಲ್ಲ, ಈ ಕೋರ್ಸುಗಳಲ್ಲಿ ಮೊದಲ ಸೆಮಿಸ್ಟರಿನಲ್ಲೇ ಅದನ್ನು ಓದಿಸುತ್ತಾರೆ. ನಮ್ಮ ಮಟ್ಟಿಗೆ ಪ್ರಶ್ನೆ ಇನ್ನೂ ಸರಳ. ನಮ್ಮ ಜಾಗವನ್ನು ನಾವೇ ಓದಿದರೆ ಏನಾಗ್ತದೆ?

ನಮ್ಮ ಕಾಲುವೆಗೆ ಬಂದ ಎಂಜಿನಿಯರ್

ಪೀಟರ್ ಮೊಲಿಂಗಾ ಅಂತ ಒಬ್ಬರು ಡಚ್ ವಿದ್ವಾಂಸರಿದ್ದಾರೆ. ಓದಿದ್ದು ನೀರಾವರಿ ಎಂಜಿನಿಯರಿಂಗ್, ನೆದರ್‌ಲ್ಯಾಂಡ್ಸಿನ ವಾಗೆನಿಂಗೆನ್‌ನಲ್ಲಿ. 1990ರ ದಶಕದ ಆರಂಭದಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಗೆ ಬಂದರು. ಆಗಿನ್ನೂ ಕೊಪ್ಪಳ ಜಿಲ್ಲೆ ಆಗಿರಲಿಲ್ಲ, ಎಲ್ಲ ರಾಯಚೂರು ಜಿಲ್ಲೆಯೇ. ಅವರ ಸಂಶೋಧನೆ 1998ರಲ್ಲಿ ಪಿಎಚ್‌ಡಿ ಪ್ರಬಂಧವಾಗಿ, 2003ರಲ್ಲಿ ಭಾರತದಲ್ಲಿ ಪುಸ್ತಕವಾಗಿ ಬಂತು. ಹೆಸರು 'ಆನ್ ದಿ ವಾಟರ್‌ಫ್ರಂಟ್'. ಮುಂದೆ ಅವರು ಲಂಡನ್ನಿನ ಸೋಯಾಸ್‌ನಲ್ಲಿ ಅಭಿವೃದ್ಧಿ ಅಧ್ಯಯನದ ಪ್ರಾಧ್ಯಾಪಕರಾದರು. ನಮ್ಮೂರ ಕಾಲುವೆ ಮೇಲೆ ಇಷ್ಟು ದಪ್ಪ ಪುಸ್ತಕ ಇದೆ ಅನ್ನೋದೇ ನಮಗೆ ಮೂರನೇ ವರ್ಷದ ತನಕ ಗೊತ್ತಿರಲಿಲ್ಲ. ಒಂಥರಾ ನಾಚಿಕೆಯೂ ಆಯ್ತು.

ಅವರು ಹಿಡಿದ ಪ್ರಶ್ನೆ ಅರ್ಥವಾಗಬೇಕಾದರೆ ಕಾಲುವೆಯ ವಿನ್ಯಾಸ ತಿಳಿದಿರಬೇಕು. ಎಡದಂಡೆ ಮುಖ್ಯ ಕಾಲುವೆ ಮುನಿರಾಬಾದಿನಿಂದ ಹೊರಟು ಗಂಗಾವತಿ, ಸಿಂಧನೂರು, ಮಾನ್ವಿ ಕಡೆ 227 ಕಿಲೋಮೀಟರ್ ಹೋಗುತ್ತದೆ. ನೀರು ಕೊಡಬೇಕಾಗಿರೋದು ಸುಮಾರು 6 ಲಕ್ಷ ಎಕರೆಗೆ. ಇದನ್ನು ಕಟ್ಟಿದ್ದು ಭತ್ತಕ್ಕಲ್ಲ! ಬರಗಾಲದ ಸೀಮೆಯಲ್ಲಿ ಹೆಚ್ಚು ಜನರಿಗೆ ಸ್ವಲ್ಪ ಸ್ವಲ್ಪ ನೀರು ಹಂಚಿ, ಜೋಳ, ಹತ್ತಿ, ಶೇಂಗಾದಂಥ ಬೆಳೆ ಒಣಗದಂತೆ ಕಾಯೋದು ಉದ್ದೇಶ. ಇದಕ್ಕೆ ರಕ್ಷಣಾತ್ಮಕ ನೀರಾವರಿ ಅಂತಾರೆ. ಯಾವ ಸರ್ವೆ ನಂಬರಿಗೆ ಯಾವ ಹಂಗಾಮಿನಲ್ಲಿ ಯಾವ ಬೆಳೆ ಅಂತ ಸರ್ಕಾರವೇ ಗುರುತು ಹಾಕಿತು. ಇಲಾಖೆಯ ಭಾಷೆಯಲ್ಲಿ ಅದು ಲೋಕಲೈಸೇಶನ್. ಬಹುಪಾಲು ನೆಲಕ್ಕೆ ಲಘು ಬೆಳೆ, ಸ್ವಲ್ಪಕ್ಕೆ ಮಾತ್ರ ಭತ್ತ.

ಈಗ ಗಂಗಾವತಿಯಿಂದ ಕಾರಟಗಿಗೆ ಬಸ್ಸಿನಲ್ಲಿ ಹೋಗಿ ನೋಡ್ರಿ. ಕಣ್ಣು ಹಾಯಿಸಿದಷ್ಟೂ ಭತ್ತ. ಭತ್ತದ ಕಣಜ ಅಂತ ನಾವೇ ಎಲ್ಲ ಕಡೆ ಜಂಬ ಕೊಚ್ಚಿಕೊಳ್ತೇವೆ.

ಕ್ಯಾಲ್ಕುಲೇಟರ್ ತೆಗೀರಿ. ಒಂದು ಟಿಎಂಸಿ ಅಂದರೆ 100 ಕೋಟಿ ಘನ ಅಡಿ, ಅಂದಾಜು 2.83 ಕೋಟಿ ಘನ ಮೀಟರ್. ಭತ್ತಕ್ಕೆ ಒಂದು ಹಂಗಾಮಿಗೆ 1200 ಮಿಲಿಮೀಟರ್ ನೀರು ಅಂತ ಇಟ್ಟುಕೊಂಡರೆ ಹೆಕ್ಟೇರಿಗೆ 12,000 ಘನ ಮೀಟರ್ ಆಯಿತು. ಒಂದು ಟಿಎಂಸಿಯಲ್ಲಿ ಸುಮಾರು 2,360 ಹೆಕ್ಟೇರ್, ಅಂದರೆ 5,800 ಎಕರೆ ಭತ್ತ. ಜೋಳಕ್ಕೆ 500 ಮಿಲಿಮೀಟರ್ ಹಿಡಿದರೆ ಅದೇ ನೀರಿನಲ್ಲಿ ಸುಮಾರು 14,000 ಎಕರೆ. ಕಾಲುವೆಯಲ್ಲಿ ಇಂಗುವ ನೀರು, ಮಳೆಯಿಂದ ಸಿಗುವ ನೀರು ಎರಡನ್ನೂ ಇಲ್ಲಿ ಬಿಟ್ಟಿದ್ದೇವೆ. ಆದರೂ ಅನುಪಾತ ಸಾಕು. ಮೇಲ್ಭಾಗದಲ್ಲಿ ಒಂದು ಎಕರೆ ಭತ್ತ ಹಚ್ಚಿದರೆ, ಕೆಳಗೆ ಎಲ್ಲೋ ಎರಡು ಎಕರೆಗಿಂತ ಹೆಚ್ಚು ಜೋಳದ ಹೊಲಕ್ಕೆ ಬರಬೇಕಿದ್ದ ನೀರು ಬರೋದಿಲ್ಲ. ಸಾಲದ್ದಕ್ಕೆ ಜಲಾಶಯದಲ್ಲಿ ಹೂಳು. ಮೊದಲು 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ ಸುಮಾರು 105ಕ್ಕೆ ಇಳಿದಿದೆ.

ಇಲ್ಲಿಯ ತನಕ ಎಂಜಿನಿಯರಿಂಗ್. ಇಷ್ಟಕ್ಕೇ ನಿಲ್ಲಿಸಿದವರು "ನಿಯಮ ಬಿಗಿ ಮಾಡ್ರಿ, ಗೇಟಿಗೆ ಸೆನ್ಸರ್ ಹಾಕ್ರಿ, ಮುಗೀತು" ಅಂತಾರೆ. ನಾವೂ ಒಂದು ಹ್ಯಾಕಥಾನ್‌ನಲ್ಲಿ ಅಂಥದ್ದೇ ಒಂದು ಮಾಡೆಲ್ ಮಾಡಿ ಎರಡನೇ ಬಹುಮಾನ ತಗೊಂಡಿದ್ದೆವು, ಅದನ್ನು ಈಗ ನೆನೆಸಿಕೊಂಡರೆ ಮುಜುಗರ. ಮೊಲಿಂಗಾ ಅಲ್ಲಿಗೆ ನಿಲ್ಲಲಿಲ್ಲ. ತೂಬಿನ ಹತ್ತಿರ ಕೂತು ನೋಡಿದರು. ಒಡೆದ ತೂಬು, ಅಗಲ ಮಾಡಿದ ಪೈಪು, ಬೀಗ ಕಿತ್ತ ಗೇಟು, ಇವನ್ನೆಲ್ಲ ಇಲಾಖೆ ಹಾನಿ ಅಂತ ಬರೆದುಕೊಳ್ಳುತ್ತದೆ. ಅವರು ಅವನ್ನು ಯಾರಿಗೆ ಎಷ್ಟು ಬಲ ಇದೆ ಅಂತ ಓದಬಹುದಾದ ಗುರುತುಗಳಾಗಿ ನೋಡಿದರು. ರೈತ, ಎಂಜಿನಿಯರ್, ರಾಜಕಾರಣಿ ಮೂವರ ನಡುವೆ ದಿನಾ ನಡೆಯೋ ಚೌಕಾಶಿಯ ಫಲವೇ ಆ ತೂಬಿನ ವ್ಯಾಸ. ನಮ್ಮ ಡ್ರಾಯಿಂಗ್ ಶೀಟಿನಲ್ಲಿ ಇರೋ ವ್ಯಾಸ ಅಲ್ಲ.

ಯಾಕೆ ಭತ್ತ ಅಂತ ಕೇಳಿದರೆ ಉತ್ತರ ಮಣ್ಣಿನಲ್ಲಿ ಮಾತ್ರ ಇಲ್ಲ, ಚರಿತ್ರೆಯಲ್ಲೂ ಇದೆ. ಕಾಲುವೆ ಬಂದ ಮೇಲೆ ಕರಾವಳಿ ಆಂಧ್ರದ ಕೃಷಿಕ ಕುಟುಂಬಗಳು ಇಲ್ಲಿ ಜಮೀನು ಕೊಂಡು ನೆಲೆಸಿದವು. ಇವತ್ತಿಗೂ ನಮ್ಮಲ್ಲಿ ಊರ ಹೆಸರಿನ ಕೊನೆಗೆ 'ಕ್ಯಾಂಪ್' ಅಂತ ಇದ್ದರೆ ಅದು ಆ ವಲಸೆಯ ಗುರುತು. ಅವರಿಗೆ ಭತ್ತದ ಕಸುಬು ಗೊತ್ತಿತ್ತು, ನೆಲ ಮಟ್ಟ ಮಾಡಿ ಮಡಿ ಕಟ್ಟೋದಕ್ಕೆ ಬಂಡವಾಳ ಇತ್ತು. ಹಳೇ ಒಣಬೇಸಾಯದ ರೈತನಿಗೆ ಎರಡೂ ಇರಲಿಲ್ಲ. ಆಮೇಲೆ ರೈಸ್ ಮಿಲ್ಲು ಬಂದವು, ಗೊಬ್ಬರದ ಅಂಗಡಿ ಬಂದವು, ಅವುಗಳ ಜೊತೆ ಸಾಲದ ವ್ಯವಹಾರ ಬಂತು. ಈಗ ಯಾರಾದರೂ "ನಾಳೆಯಿಂದ ಜೋಳ ಬಿತ್ರಿ" ಅಂದರೆ ಬೆಳೆಯೊಂದೇ ಅಲ್ಲ, ಇಷ್ಟೂ ಬದಲಾಗಬೇಕು. ವಲಸೆ ಬಂದವರನ್ನು ದೂರಿ ಕೈತೊಳೆದುಕೊಳ್ಳೋದು ಸುಲಭ. ಅದೂ ತಪ್ಪೇ, ಯಾಕಂದರೆ ನೀರು ಸಿಕ್ಕಲ್ಲೆಲ್ಲ ಸ್ಥಳೀಯರೂ ಭತ್ತಕ್ಕೇ ತಿರುಗಿದ್ದಾರೆ. ನಮ್ಮ ಗಂಗಾವತಿ ಗೆಳೆಯನ ಮನೆಯೇ ಸಾಕ್ಷಿ.

ಒಂದು ಸಲ ನಾವು ಕಾರಟಗಿ ಕಡೆ ಒಂದು ವಿತರಣಾ ಕಾಲುವೆಯ ಬಾಲದ ತುದಿಗೆ ಹೋಗಿದ್ದೆವು. ಬೇವಿನ ನೆರಳಿನಲ್ಲಿ ಕೂತಿದ್ದ ಒಬ್ಬ ಹಿರಿಯರನ್ನು ಕೇಳಿದೆವು: "ಯಜ್ಜಾ, ಇಲ್ಲಿ ತನಕ ನೀರು ಬರ್ತಾವೇನ್ರಿ?"

"ಬರ್ತಾವಪಾ," ಅಂದರು ಅಜ್ಜ. "ಕಾಗದದಾಗ."

ಆಮೇಲೆ ಅರ್ಧ ತಾಸು ಯಾರ ಕಾಲದಲ್ಲಿ ಎಷ್ಟು ಬಂತು, ಯಾವ ವರ್ಷ ಪಂಪ್‌ಸೆಟ್ ಹಚ್ಚಿ ಮೇಲಿನವರು ಎಳೆದುಕೊಂಡರು ಅಂತ ವರ್ಷವಾರು ಹೇಳಿದರು. ನಮ್ಮ ಹತ್ತಿರ ಬರೆದುಕೊಳ್ಳಾಕ ಪೆನ್ನಿತ್ತು, ಪುಸ್ತಕ ಇರಲಿಲ್ಲ. ಬಸ್ ಟಿಕೆಟ್ಟಿನ ಹಿಂದೆ ಬರೆದೆವು. ಪ್ರದೇಶ ಅಧ್ಯಯನದಲ್ಲಿ ಮಾಹಿತಿ ಸಂಗ್ರಹ ಅನ್ನೋ ಒಂದು ಇಡೀ ಪತ್ರಿಕೆ ಯಾಕೆ ಇರುತ್ತದೆ ಅಂತ ಅವತ್ತು ಗೊತ್ತಾಯ್ತು.

ಒಣ ತಾಲೂಕುಗಳ ಪ್ರಶ್ನೆ

ಕುಷ್ಟಗಿ, ಯಲಬುರ್ಗಾ ಕಾಲುವೆಯ ನಕ್ಷೆಯ ಹೊರಗೆ. ಸಜ್ಜೆ, ತೊಗರಿ, ಶೇಂಗಾ, ಬಿಳಿಜೋಳದ ಸೀಮೆ. ಕೃಷ್ಣೆಯಿಂದ ಏತ ನೀರಾವರಿ ಬರ್ತೈತಿ ಅಂತ ಕೇಳುತ್ತಲೇ ನಾವು ಬೆಳೆದಿದ್ದೇವೆ. ನಡುವೆ ದಾಳಿಂಬೆ ಬಂತು, ಕೆಲವರು ಮನೆ ಕಟ್ಟಿದರು. ದುಂಡಾಣು ಅಂಗಮಾರಿ ರೋಗ ಬಂತು, ಗಿಡ ಕಿತ್ತರು.

ನೀರಿದ್ದ ಕಡೆ ಮುಂದುವರಿದವರು, ಇಲ್ಲದ ಕಡೆ ಹಿಂದುಳಿದವರು, ಇದು ಎಲ್ಲರೂ ಹೇಳೋ ಮಾತು. ಇದನ್ನು ಪರೀಕ್ಷೆಗೆ ಒಡ್ಡಿದ ಒಂದು ಕೆಲಸ ನಮ್ಮ ರಾಜ್ಯದಲ್ಲೇ ನಡೆದಿದೆ. ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿದ ಸ್ಕಾರ್ಲೆಟ್ ಎಪ್‌ಸ್ಟೀನ್ 1954ರಿಂದ 1956ರ ತನಕ ಮಂಡ್ಯದ ಬಳಿ ಎರಡು ಹಳ್ಳಿಗಳಲ್ಲಿ ಕ್ಷೇತ್ರಕಾರ್ಯ ಮಾಡಿದರು. ವಂಗಲ ಅನ್ನೋದು ವಿಶ್ವೇಶ್ವರಯ್ಯ ನಾಲೆಯ ನೀರು ಬಂದ ಹಳ್ಳಿ, ದಲೇನ ನೀರು ಬಾರದ ಹಳ್ಳಿ. 1962ರಲ್ಲಿ ಪುಸ್ತಕ ಬಂತು. ಅದರಲ್ಲಿ ಕಂಡದ್ದು ನಾವು ನಿರೀಕ್ಷಿಸಿದ್ದಕ್ಕೆ ಉಲ್ಟಾ. ನೀರು ಬಂದ ಹಳ್ಳಿ ಕಬ್ಬು ಬೆಳೆದು ಸಿರಿವಂತವಾಯ್ತು, ಆದರೆ ಅಲ್ಲಿನ ಜಾತಿ ಸಂಬಂಧ, ಆಯದ ಪದ್ಧತಿ, ಹಳೇ ಯಜಮಾನಿಕೆ ಹೆಚ್ಚು ಕಡಿಮೆ ಇದ್ದ ಹಾಗೇ ಉಳಿದವು. ನೀರು ಬಾರದ ಹಳ್ಳಿಯವರು ಹೊಟ್ಟೆಪಾಡಿಗೆ ಮಂಡ್ಯ ಪೇಟೆಗೆ, ಕಾರ್ಖಾನೆಗೆ, ವ್ಯಾಪಾರಕ್ಕೆ ಹೊರಗೆ ಕಾಲಿಟ್ಟರು. ಹಳೇ ಕಟ್ಟುಪಾಡು ಹೆಚ್ಚು ಸಡಿಲಾಗಿದ್ದು ಅಲ್ಲೇ. ಎಪ್‌ಸ್ಟೀನ್ ಸಂಖ್ಯೆಗಳನ್ನು ಅರ್ಥಶಾಸ್ತ್ರದ ರೀತಿಯಲ್ಲಿ ಕೂಡಿಸಿದರು, ಮನೆಯೊಳಗಿನ ಮಾತನ್ನು ಮಾನವಶಾಸ್ತ್ರದ ರೀತಿಯಲ್ಲಿ ಕೇಳಿದರು. ಒಂದನ್ನೇ ಮಾಡಿದ್ದರೆ ಈ ವ್ಯತ್ಯಾಸ ಕಾಣುತ್ತಿರಲಿಲ್ಲ.

ಹಾಗಂತ ಗುಳೆ ಒಳ್ಳೇದು ಅಂತ ನಾವು ಹೇಳ್ತಿಲ್ಲ. ಮಂಡ್ಯಕ್ಕೆ ಸೈಕಲ್ಲಿನಲ್ಲಿ ಹೋಗಿ ಸಂಜೆ ಮನೆಗೆ ಬರೋದು ಬೇರೆ, ಮಕ್ಕಳ ಶಾಲೆ ಬಿಡಿಸಿ ಗೋವಾ, ಮಂಗಳೂರು, ಬೆಂಗಳೂರಿನ ಶೆಡ್ಡಿನಲ್ಲಿ ಆರು ತಿಂಗಳು ಇರೋದು ಬೇರೆ. ಆದರೆ ಪ್ರಶ್ನೆ ಇಲ್ಲಿಯೂ ಕೇಳಬಹುದು. ಕುಷ್ಟಗಿಯ ಒಂದು ಹಳ್ಳಿ, ಗಂಗಾವತಿಯ ಒಂದು ಕಾಲುವೆ ಹಳ್ಳಿ, ಎರಡರಲ್ಲೂ ಕೂಲಿ ಮಾಡೋ ಮನೆತನಗಳ ಮೂರು ತಲೆಮಾರು ಹಿಡಿದು ನೋಡಿದರೆ ಯಾರ ಬದುಕು ಹೇಗೆ ಬದಲಾಗಿದೆ? ಇದು ಸಿದ್ಧ ಪ್ರಬಂಧದ ವಿಷಯ, ಯಾರಾದರೂ ತಗೊಳ್ರಿ.

ಅಂಕಿಅಂಶದಲ್ಲೂ ಒಂದು ಗುಂಡಿ ಇದೆ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ 35 ಸೂಚಕ ಹಿಡಿದು ಆಗಿನ 175 ತಾಲೂಕುಗಳಲ್ಲಿ 114 ಹಿಂದುಳಿದವು ಅಂತ ಗುರುತಿಸಿತು. ಅದರಲ್ಲಿ ಕುಷ್ಟಗಿ, ಯಲಬುರ್ಗಾ ಅತ್ಯಂತ ಹಿಂದುಳಿದ ಪಟ್ಟಿಯಲ್ಲಿವೆ. ಒಂದು ತಾಲೂಕಿಗೆ ಒಂದೇ ಅಂಕ. ಆದರೆ ಆಗಿನ ಗಂಗಾವತಿ ತಾಲೂಕಿನೊಳಗೇ ಕಾಲುವೆ ನೀರಿನ ಕಾರಟಗಿಯೂ ಇತ್ತು, ಬಹುಪಾಲು ಒಣಭೂಮಿಯ ಕನಕಗಿರಿಯೂ ಇತ್ತು. ಸರಾಸರಿ ತೆಗೆದರೆ ಕನಕಗಿರಿ ಕಾಣೋದೇ ಇಲ್ಲ. ಈಗ ಕಾರಟಗಿ, ಕನಕಗಿರಿ, ಕುಕನೂರು ಬೇರೆ ತಾಲೂಕುಗಳಾಗಿವೆ. 2011ರ ಜನಗಣತಿ ಮಾತ್ರ ನಾಲ್ಕು ತಾಲೂಕಿನ ಲೆಕ್ಕದಲ್ಲೇ ಇದೆ, ಜಿಲ್ಲೆಗೆ 13,89,920 ಜನ ಅಂತ. ಹೊಸ ಅಂಕಿಯನ್ನು ಹಳೆಯದಕ್ಕೆ ಹೋಲಿಸಬೇಕಾದರೆ ಊರೂರಿನ ಮಟ್ಟಕ್ಕೆ ಇಳಿದು ಮತ್ತೆ ಕೂಡಿಸಿಕೊಂಡು ಬರಬೇಕು. ಕಂಪ್ಯೂಟರ್ ಸೈನ್ಸಿನವರೇ, ಈ ಕೆಲಸಕ್ಕೆ ನಿಮ್ಮಷ್ಟು ಲಾಯಕ್ಕು ಯಾರೂ ಇಲ್ಲ. ಜಿಐಎಸ್, ಪೈಥಾನ್ ಬರುವವರನ್ನು ಇಂಥ ಕೋರ್ಸುಗಳಲ್ಲಿ ಕೈಹಿಡಿದು ಕರೆದುಕೊಳ್ತಾರೆ.

ಭಾಷೆ ಅಂದರೆ ಕನ್ನಡ ಮಾತ್ರ ಅಲ್ಲ

ಈ ಓದಿನಲ್ಲಿ ಒಂದು ಭಾಷೆ ಕಲಿಯಲೇಬೇಕು ಅನ್ನೋ ನಿಯಮ ಬಹಳ ಕಡೆ ಇದೆ. ನಮಗೆ ಕನ್ನಡ ಬರ್ತದಲ್ಲ, ಇನ್ನೇನು ಅಂದುಕೊಂಡಿದ್ದೆವು. ಆದರೆ ನಮ್ಮ ಜಾಗದ ಕಾಗದಪತ್ರ ಯಾವ ಭಾಷೆಯಲ್ಲಿವೆ ನೋಡ್ರಿ. ಕೊಪ್ಪಳ, ಯಲಬುರ್ಗಾ ನಿಜಾಮರ ಹೈದರಾಬಾದ್ ರಾಜ್ಯದಲ್ಲಿದ್ದವು, ಅದರೊಳಗೂ ಸಾಲಾರ್ ಜಂಗ್ ಮನೆತನದ ಜಾಗೀರಾಗಿದ್ದವು. ಆಡಳಿತದ ಭಾಷೆ ಉರ್ದು. ಆ ಕಾಲದ ಕಡತಗಳನ್ನು ನೋಡಬೇಕಾದರೆ ಹೈದರಾಬಾದಿನ ತೆಲಂಗಾಣ ರಾಜ್ಯ ಪತ್ರಾಗಾರಕ್ಕೆ ಹೋಗಬೇಕು, ಉರ್ದು ಓದಲು ಬರಬೇಕು. ಕ್ಯಾಂಪಿನ ಹಿರಿಯರ ಕತೆ ಕೇಳಬೇಕಾದರೆ ತೆಲುಗು. ಕೊಪ್ಪಳದ ಗವಿಮಠ, ಪಾಲ್ಕಿಗುಂಡುವಿನ ಅಶೋಕನ ಶಾಸನಗಳ ತನಕ ಹಿಂದೆ ಹೋಗೋರಿಗೆ ಬ್ರಾಹ್ಮಿ ಲಿಪಿ, ಪ್ರಾಕೃತ. ಹಿರೇಬೆಣಕಲ್ಲಿನ ಶಿಲಾಸಮಾಧಿಗಳಿಗಂತೂ ಯಾವ ಭಾಷೆಯೂ ಇಲ್ಲ. ಅಲ್ಲಿ ಭೂವಿಜ್ಞಾನ, ಸರ್ವೆ, ಪುರಾತತ್ವ ಇವೇ ಮಾತಾಡಬೇಕು. 2021ರಲ್ಲಿ ಆ ತಾಣ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದ ಮೇಲೆ ಕೆಲಸ ಇನ್ನೂ ಹೆಚ್ಚಿದೆ.

ಮೆಸ್ಸಿನ ಉರ್ದು ಬಲ್ಲ ಗೆಳೆಯನ ಹತ್ತಿರ ನಮ್ಮಲ್ಲಿ ಇಬ್ಬರು ಅಕ್ಷರ ಕಲಿಯಲು ಶುರುಮಾಡಿದ್ದಾರೆ. ನಾಲ್ಕು ತಿಂಗಳಾದರೂ ಅಂಗಡಿ ಬೋರ್ಡಿನ ಮಟ್ಟ ದಾಟಿಲ್ಲ, ಇರಲಿ.

ಎಲ್ಲಿ ಓದೋದು, ದುಡ್ಡು ಎಷ್ಟು, ಆಮೇಲೆ ಏನು

ಮೊದಲ ಮಾತು: ಕೋರ್ಸಿನ ಹೆಸರಿನಲ್ಲಿ ಪ್ರದೇಶ ಅಧ್ಯಯನ ಅಂತಲೇ ಇರಬೇಕಿಲ್ಲ. ದೆಹಲಿಯ ಜೆಎನ್‌ಯುದಲ್ಲಿ ಅಂತರರಾಷ್ಟ್ರೀಯ ಸಂಬಂಧ ಮತ್ತು ಪ್ರದೇಶ ಅಧ್ಯಯನ ಅಂತ ಎಂ.ಎ. ಇದೆ. ಪ್ರವೇಶ ಸಿಯುಇಟಿ-ಪಿಜಿ ಮೂಲಕ, ಬಿ.ಇ. ಮಾಡಿದವರೂ ಬರೆಯಬಹುದು. ಆದರೆ ಅಲ್ಲಿನ ಪ್ರದೇಶ ಅಂದರೆ ಪಶ್ಚಿಮ ಏಷ್ಯಾ, ಆಫ್ರಿಕಾ, ರಷ್ಯಾ ಇಂಥವು. ಯಲಬುರ್ಗಾ ಅಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1966ರಲ್ಲಿ ಶುರುವಾದ ಕನ್ನಡ ಅಧ್ಯಯನ ಸಂಸ್ಥೆಯಲ್ಲಿ ಸಾಹಿತ್ಯ, ಜಾನಪದ, ಭಾಷಾವಿಜ್ಞಾನದ ಜೊತೆ ದಕ್ಷಿಣ ಭಾರತ ಅಧ್ಯಯನ ಅನ್ನೋ ಎಂ.ಎ. ಕೂಡ ಇದೆ. ಹೆಸರಿಗೆ ತಕ್ಕ ಪ್ರದೇಶ ಅಧ್ಯಯನ ಅದೇ. 1991ರಲ್ಲಿ ಹುಟ್ಟಿದ ಹಂಪಿ ಕನ್ನಡ ವಿಶ್ವವಿದ್ಯಾಲಯ ನಮಗೆ ಹೊಳೆಯ ಆಚೆ ದಂಡೆ, ಕನ್ನಡದಲ್ಲೇ ಸಂಶೋಧನೆ ಬರೆಯೋ ಆಸೆ ಇದ್ದವರು ಅಲ್ಲಿನ ಗ್ರಂಥಾಲಯವನ್ನಾದರೂ ಒಮ್ಮೆ ನೋಡಿ ಬರ್ರಿ.

ಎಂಜಿನಿಯರಿಂಗ್ ಪೂರ್ತಿ ಬಿಡೋ ಮನಸ್ಸಿಲ್ಲದವರಿಗೆ ನಮ್ಮ ಮೆಚ್ಚಿನ ದಾರಿ ಐಐಟಿ ಬಾಂಬೆಯ ಸಿತಾರಾ. ಗ್ರಾಮೀಣ ಪ್ರದೇಶಗಳಿಗೆ ಪರ್ಯಾಯ ತಂತ್ರಜ್ಞಾನದ ಕೇಂದ್ರ ಅದು, 1985ರಿಂದ ಇದೆ. 2007ರಿಂದ ತಂತ್ರಜ್ಞಾನ ಮತ್ತು ಅಭಿವೃದ್ಧಿ ಅನ್ನೋ ಎಂ.ಟೆಕ್. ನಡೆಸುತ್ತಿದೆ. ಗೇಟ್ ಪರೀಕ್ಷೆಯ ದಾರಿ. ಕೆಲವು ವಾರ ಹಳ್ಳಿಯಲ್ಲಿ ಇದ್ದು ಅಧ್ಯಯನ ಮಾಡೋದು ಪಠ್ಯದ ಭಾಗ. ಮನೆಯಲ್ಲಿ 'ಎಂ.ಟೆಕ್., ಐಐಟಿ' ಅಂತ ಹೇಳಬಹುದು, ಅದೂ ಒಂದು ಅನುಕೂಲವೇ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಅಭಿವೃದ್ಧಿ ಎಂ.ಎ., ಐಐಟಿ ಗಾಂಧಿನಗರದ ಸಮಾಜ ಮತ್ತು ಸಂಸ್ಕೃತಿ ಎಂ.ಎ. ಇವನ್ನೂ ನೋಡಬಹುದು.

ಹೊರದೇಶ ಅಂದರೆ ಸೋಯಾಸ್, ಆಕ್ಸ್‌ಫರ್ಡ್, ಹೈಡೆಲ್‌ಬರ್ಗ್. ಜರ್ಮನಿಯಲ್ಲಿ ಫೀ ಇಲ್ಲ ಅಂತ ನಂಬಿ ಕೂತವರಿಗೆ ಒಂದು ಎಚ್ಚರಿಕೆ: ಹೈಡೆಲ್‌ಬರ್ಗ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ಯುರೋಪಿನ ಹೊರಗಿನವರಿಗೆ ಸೆಮಿಸ್ಟರಿಗೆ 1500 ಯುರೋ ಶುಲ್ಕ ಇದೆ. ಇಂಗ್ಲೆಂಡಿಗೆ ಚೀವನಿಂಗ್, ಕಾಮನ್‌ವೆಲ್ತ್, ಫೆಲಿಕ್ಸ್ ವಿದ್ಯಾರ್ಥಿವೇತನಗಳಿವೆ. ಪರಿಶಿಷ್ಟ ಜಾತಿ, ಪಂಗಡದ ಗೆಳೆಯರಿಗೆ ರಾಜ್ಯ ಸರ್ಕಾರದ ಪ್ರಬುದ್ಧ ಯೋಜನೆ ಇದೆ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂಹೀನ ಕೃಷಿ ಕಾರ್ಮಿಕರು, ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ಅಂತಲೇ ಇರೋದು. ಆದರೆ ಅದರ 2022ರ ಮಾರ್ಗಸೂಚಿ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜದ ಮೇಲಿನ ವಿಷಯಗಳನ್ನು ಹೊರಗಿಟ್ಟಿತು. ಕಿನ್ನಾಳದ ಚಿತ್ರಗಾರರ ಮನೆಯ ಹುಡುಗಿಯೊಬ್ಬಳು ಅದೇ ಕಿನ್ನಾಳ ಕಲೆಯನ್ನು ಲಂಡನ್ನಿನಲ್ಲಿ ಕೂತು ಓದಬೇಕೆಂದರೆ ಆ ಹಣ ಸಿಗೋದಿಲ್ಲ, ಬೇರೆ ದೇಶದ ಕಲೆ ಓದಿದರೆ ಸಿಗಬಹುದು! ನಮಗೆ ಇದು ಸರಿ ಕಾಣೋದಿಲ್ಲ. ಅರ್ಜಿ ಹಾಕೋ ವರ್ಷದ ಮಾರ್ಗಸೂಚಿ ಸರಿಯಾಗಿ ಓದಿಕೊಳ್ರಿ.

ಇನ್ನು ನೌಕರಿ. ಸುಳ್ಳು ಹೇಳೋದಿಲ್ಲ, ಪ್ಲೇಸ್‌ಮೆಂಟ್ ಸೆಲ್ಲಿನ ಬೋರ್ಡ್ ಮೇಲೆ ಬರೆಯೋಂಥ ಪ್ಯಾಕೇಜ್ ಇಲ್ಲಿಲ್ಲ. ಸಂಶೋಧನಾ ಸಹಾಯಕ, ನೀರು ಮತ್ತು ಕೃಷಿಯ ಮೇಲೆ ಕೆಲಸ ಮಾಡೋ ಸಂಸ್ಥೆಗಳು, ಪತ್ರಿಕೋದ್ಯಮ, ನಾಗರಿಕ ಸೇವಾ ಪರೀಕ್ಷೆ, ಪಿಎಚ್‌ಡಿ, ಇಷ್ಟು ದಾರಿ. ಕಾಲೇಜಿನಲ್ಲಿ ಪಾಠ ಮಾಡೋ ಆಸೆ ಇದ್ದರೆ ಮೊದಲೇ ಒಂದು ಲೆಕ್ಕ ಹಾಕಿಕೊಳ್ಳಬೇಕು: ನಿಮ್ಮ ಎಂ.ಎ. ಯಾವ ವಿಷಯಕ್ಕೆ ಸಮ ಅಂತ ನೇಮಕಾತಿಯವರು ಒಪ್ಪುತ್ತಾರೆ, ಎನ್‌ಇಟಿ ಯಾವ ವಿಷಯದಲ್ಲಿ ಬರೆಯಬೇಕು? ಹಲವು ಶಿಸ್ತು ಕಲಿತವರು ಯಾವ ಶಿಸ್ತಿಗೂ ಸೇರದೆ ಹೊರಗೆ ನಿಲ್ಲೋ ಅಪಾಯ ಇದೆ.

ನಮ್ಮಲ್ಲೊಬ್ಬ ದೀಪಾವಳಿಗೆ ಊರಿಗೆ ಹೋದಾಗ ಮನೆಯಲ್ಲಿ ಮಾತು ತೆಗೆದ. ಅವನ ಅಪ್ಪ ಬಹಳ ಹೊತ್ತು ಸುಮ್ಮನಿದ್ದು ಕೇಳಿದರು: "ಇಂಜಿನಿಯರ್ ಆಗಂತ ಕಳಿಸಿದ್ರ ಎಂ.ಎ. ಮಾಡ್ತೀನಿ ಅಂತಿಯಲ್ಲೋ ತಮ್ಮಾ. ನಮ್ಮೂರ ಬಗ್ಗೆ ಓದಾಕ ಮುಂಬೈಗೆ ಯಾಕ ಹೋಗಬೇಕು? ನನ್ನ ಕೇಳು, ನಾ ಹೇಳ್ತೀನಿ." ಅವನಿಗೆ ಉತ್ತರ ಹೊಳೆಯಲಿಲ್ಲ. ಶಿಕ್ಷಣ ಸಾಲದ ಕಂತು ಇನ್ನೂ ಶುರುವಾಗಿಲ್ಲ, ತಂಗಿಯ ಓದು ಬಾಕಿ ಇದೆ. ಅವನು ಈಗ ಎರಡು ವರ್ಷ ನೌಕರಿ ಮಾಡಿ, ಆಮೇಲೆ ಗೇಟ್ ಬರೆಯೋದು ಅಂತ ತೀರ್ಮಾನಿಸಿದ್ದಾನೆ. ಅದು ಸೋಲಲ್ಲ. ಕೆಲಸದ ಅನುಭವ ಇದ್ದವರ ಅರ್ಜಿಗೆ ಈ ಕೋರ್ಸುಗಳಲ್ಲಿ ತೂಕ ಜಾಸ್ತಿಯೇ. ಆದರೆ ಅಪ್ಪನ ಎರಡನೇ ಮಾತನ್ನು ಅವನು ಬಿಟ್ಟಿಲ್ಲ. ರಜೆಗೆ ಹೋದಾಗಲೆಲ್ಲ ಅವರನ್ನು ಕೂರಿಸಿಕೊಂಡು ಮೊಬೈಲಿನಲ್ಲಿ ರೆಕಾರ್ಡ್ ಮಾಡ್ತಿದ್ದಾನೆ.

ಅರ್ಜಿಗೆ ಮೊದಲು ಒಂದು ಸಣ್ಣ ಕೆಲಸ

ಈ ಕೋರ್ಸುಗಳಿಗೆ ಉದ್ದೇಶ ಪತ್ರ ಬರೆಯಬೇಕು. ನಮಗೆ ಗ್ರಾಮೀಣಾಭಿವೃದ್ಧಿಯಲ್ಲಿ ಅಪಾರ ಆಸಕ್ತಿ ಅಂತ ನಮ್ಮ ಮೊದಲ ಕರಡಿನಲ್ಲಿ ಎಲ್ಲರೂ ಬರೆದಿದ್ದೆವು. ತಿದ್ದಿಕೊಟ್ಟ ಸೀನಿಯರ್ ಒಬ್ಬರು ಆ ಸಾಲಿನ ಪಕ್ಕ 'ಎಲ್ಲಿ?' ಅಂತ ಒಂದೇ ಶಬ್ದ ಬರೆದಿದ್ದರು. ಈಗ ನಮ್ಮ ಕರಡಿನಲ್ಲಿ ಒಂದು ತೂಬಿದೆ, ಅದರಿಂದ ನೀರು ಪಡೆಯೋ ಹನ್ನೊಂದು ಹೊಲಗಳಿವೆ, ಅದರಲ್ಲಿ ಎಷ್ಟಕ್ಕೆ ಯಾವ ಬೆಳೆಯ ಅನುಮತಿ, ಎಷ್ಟರಲ್ಲಿ ಯಾವ ಬೆಳೆ ಇದೆ ಅನ್ನೋ ಪಟ್ಟಿ ಇದೆ. ಪಹಣಿ ಆನ್‌ಲೈನಿನಲ್ಲಿ ಸಿಗುತ್ತದೆ, ಅದರಲ್ಲಿ ಬರೆದ ಬೆಳೆ ಮತ್ತು ಹೊಲದಲ್ಲಿ ನಿಂತ ಬೆಳೆ ಎರಡನ್ನೂ ಹೋಲಿಸೋದಕ್ಕೆ ಒಂದು ಭಾನುವಾರ ಸಾಕು.

ನೀವೂ ಮಾಡೋದಾದರೆ ಎರಡು ಸಲ ಹೋಗಬೇಕು. ಕಾಲುವೆ ಬಂದ್ ಇರೋ ಬೇಸಿಗೆಯ ಕೊನೆಯಲ್ಲಿ ಒಮ್ಮೆ, ಆಗ ಒಳಗಿಳಿದು ತೂಬಿನ ವ್ಯಾಸ, ತಳದ ಮಟ್ಟ ಅಳೆಯಬಹುದು. ಮುಂಗಾರಿಗೆ ನೀರು ಬಿಟ್ಟ ಮೇಲೆ ಇನ್ನೊಮ್ಮೆ. ಆಗ ಟೇಪು ಚೀಲದಲ್ಲೇ ಇರಲಿ, ಏರಿಯ ಮೇಲೆ ಕೂತು ಯಾರು ಯಾವಾಗ ಬಂದು ತೂಬು ಎತ್ತುತ್ತಾರೆ ಅಂತ ನೋಡ್ರಿ, ಕೇಳಿದವರಿಗೆ ಯಾರು, ಯಾಕೆ ಬಂದಿದ್ದೇವೆ ಅಂತ ಸರಿಯಾಗಿ ಹೇಳ್ರಿ, ಅವರು ಬೇಡ ಅಂದ ಹೆಸರು ಬರೆಯಬ್ಯಾಡ್ರಿ. ಟಾರ್ಚ್ ಮತ್ತು ಒಂದು ದಪ್ಪ ಪುಸ್ತಕ ಮರೀಬ್ಯಾಡ್ರಿ. ನೀರಿನ ಪಾಳಿ ಬಹಳ ಸಲ ರಾತ್ರಿಯೇ ಬರೋದು.